ಹಿಲ್ಡಾ ಆಂಟಿಯ ಟಪಾಲು ಪುಸ್ತಕ

ಇದು ನಡೆದದ್ದು 2007ರ ಜುಲೈ ತಿಂಗಳಲ್ಲಿ. ಮೆಲ್ಬರ್ನ್‌ನಲ್ಲಿ ಆಗ ಚಳಿಗಾಲ. ಬಾಕ್ಸ್ ಹಿಲ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಮಾರಲು ಹೊರಟಿದ್ದರು. ನನ್ನ ಹೆಂಡತಿ ವಿನುತಾ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್. ಆಗ ಆರು ತಿಂಗಳ ಗರ್ಭಿಣಿ. ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರದಲ್ಲೇ ಎರಡು ಕೋಣೆಗಳ ಒಂದು ಯೂನಿಟ್ ಮಾರಾಟಕ್ಕೆ ಬಂತು. ನೋಡಿದೆವು, ಒಪ್ಪಿದೆವು, ಸಹಿ ಹಾಕಿದೆವು. ಬ್ಯಾಂಕ್ ಸಾಲ ಎರಡು ವಾರದೊಳಗೆ ಮಂಜೂರಾದರೆ ಮನೆ ನಮ್ಮದು, ಇಲ್ಲವಾದರೆ ಒಪ್ಪಂದ ರದ್ದು ಎಂಬ ಷರತ್ತಿತ್ತು. ಇಬ್ಬರಿಗೂ ಕೆಲಸವಿತ್ತು, ಪಿಆರ್ ಅಂದರೆ ಕಾಯಂ ವಾಸದ ಪರವಾನಗಿ ಇತ್ತು. ಆ ಷರತ್ತಿನ ಬಗ್ಗೆ ನಾನು ಎರಡನೇ ಸಲ ಯೋಚಿಸಲಿಲ್ಲ.

ಸಹಿ ಹಾಕಿ ಸರಿಯಾಗಿ ಒಂದು ವಾರಕ್ಕೆ, ಬುಧವಾರ, ನಮಗೆ ಸಾಲ ಕೊಡಿಸುತ್ತಿದ್ದ ಮಾರ್ಟ್‌ಗೇಜ್ ಬ್ರೋಕರ್ ಟ್ರೇಸಿ ಫೋನ್ ಮಾಡಿದಳು. ನಾನು ಡಾಕ್‌ಲ್ಯಾಂಡ್ಸ್‌ನಲ್ಲಿ ಟ್ರ್ಯಾಮ್ ಇಳಿದು ಆಫೀಸಿನ ಕಡೆ ನಡೆಯುತ್ತಿದ್ದೆ.

"ಮಂಜು, ಬ್ಯಾಂಕ್ ನಿಮ್ಮ ಅರ್ಜಿ ತಿರಸ್ಕರಿಸಿದೆ" ಎಂದಳು. "ಕಾರಣ ನಿಮ್ಮ ಕ್ರೆಡಿಟ್ ಫೈಲಿನಲ್ಲಿದೆ. ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಾ?"

ಅಂಥದ್ದೊಂದು ಫೈಲ್ ನನ್ನ ಹೆಸರಿನಲ್ಲಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾವು ಯಾವಾಗ ಕಾರ್ಡ್, ಫೋನ್ ಅಥವಾ ಸಾಲ ಕೇಳಿದರೂ ಅದು ಒಂದು ಕಂಪನಿಯ ದಾಖಲೆಯಲ್ಲಿ ಸೇರುತ್ತದೆ, ಕಟ್ಟದೆ ಬಿಟ್ಟರೆ ಅದೂ ಸೇರುತ್ತದೆ, ಮುಂದೆ ಸಾಲ ಕೊಡುವವರು ಮೊದಲು ನೋಡುವುದು ಅದನ್ನೇ ಎಂದು ಟ್ರೇಸಿ ವಿವರಿಸಿದಳು. ಪ್ರತಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಾರೆ, ಆದರೆ ದಿನಗಳು ಹಿಡಿಯುತ್ತವೆ. ಶುಲ್ಕ ಕೊಟ್ಟರೆ ಬೇಗ. ನಾನು ಶುಲ್ಕ ಕೊಟ್ಟೆ. ಶುಕ್ರವಾರ ಬೆಳಿಗ್ಗೆ ಅದು ಆಫೀಸಿನ ಫ್ಯಾಕ್ಸಿಗೆ ಬಂತು.

ಆಸ್ಟ್ರೇಲಿಯಾಕ್ಕೆ ಬರುವ ಮೊದಲು ನಾನು ದಾವಣಗೆರೆಯ ಒಂದು ಪತ್ರಿಕೆಯ ಸುದ್ದಿ ಮೇಜಿನಲ್ಲಿ ಏಳು ವರ್ಷ ಉಪಸಂಪಾದಕನಾಗಿದ್ದೆ. ಎಂಥ ಸುದ್ದಿ ಬಂದರೂ ಮೊದಲು ಹೆಸರು, ಊರು, ದಿನಾಂಕ ನೋಡುವ ಅಭ್ಯಾಸ ಆಗಿನದು. ಹಾಗೇ ಓದಿದೆ. ಹೆಸರು ನನ್ನದು. ಜನ್ಮದಿನಾಂಕ ನನ್ನದು. ಹಳೆಯ ವಿಳಾಸ ಸಿಡ್ನಿಯ ಲಿವರ್‌ಪೂಲ್‌ನದು, ಅದೂ ಸರಿ. ಅದರ ಕೆಳಗೆ 2006ರ ಏಪ್ರಿಲ್‌ನಲ್ಲಿ ನನ್ನ ಹೆಸರಿನಲ್ಲಿ ಒಂದು ಕ್ರೆಡಿಟ್ ಕಾರ್ಡಿಗೆ, ಒಂದು ಮೊಬೈಲಿಗೆ ಅರ್ಜಿ. ಕಾರ್ಡಿನ ಹಣ ಕಟ್ಟಿಲ್ಲ ಎಂಬ ಷರಾ. ಪತ್ರ ಕಳಿಸಬೇಕಾದ ವಿಳಾಸ, ನಾನು ಎಂದೂ ಕಾಲಿಡದ ಒಂದು ಬಡಾವಣೆಯ ಅಂಚೆ ಕಚೇರಿಯ ಪೆಟ್ಟಿಗೆ. 2006ರ ಏಪ್ರಿಲ್‌ಗೆ ನಾನು ಸಿಡ್ನಿ ಬಿಟ್ಟು ಐದಾರು ತಿಂಗಳಾಗಿತ್ತು.

ಸಂಜೆ ಮನೆಯಲ್ಲಿ ವಿನುತಾ ಆ ಹಾಳೆಯನ್ನು ಎರಡು ಸಲ ಓದಿದಳು.

"ರೀ, ನಿಮ್ಮ ಲೈಸೆನ್ಸ್ ಫೋಟೊಕಾಪಿ ಯಾರ ಹತ್ರನಾದ್ರೂ ಇತ್ತಾ?"

ಇತ್ತು. ಕಿರಣನ ಹತ್ತಿರ. ಲಿವರ್‌ಪೂಲ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯಲ್ಲಿ, ನಾನು ಖಾಲಿ ಮಾಡಿದ ಕೋಣೆಗೆ ಬಂದವನು ತುಮಕೂರಿನ ಕಿರಣ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದ. ಬೇರೆ ಮನೆ ಬಾಡಿಗೆಗೆ ಹಿಡಿಯಲು ಯಾರದಾದರೂ ಶಿಫಾರಸು ಬೇಕೆಂದು ಕೇಳಿದಾಗ ನನ್ನ ಲೈಸೆನ್ಸಿನ ಪ್ರತಿ, ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟಿದ್ದೆ. ನಮ್ಮವರಲ್ಲಿ ಇದೆಲ್ಲ ಲೆಕ್ಕಕ್ಕೇ ಇರಲಿಲ್ಲ. ನನಗೂ ಹಿಂದೆ ಒಬ್ಬರು ಹಾಗೆಯೇ ಕೊಟ್ಟಿದ್ದರು.

"ಹಾಗಾದ್ರೆ ಇನ್ಯಾರು? ಅವನೇ" ಎಂದಳು ವಿನುತಾ.

ನನಗೂ ಹಾಗೇ ಅನಿಸಿತು. ಪೊಲೀಸರಿಗೆ ಕೊಡಲು ಒಂದು ಹೇಳಿಕೆ ಟೈಪ್ ಮಾಡಿದೆ. ದಿನಾಂಕ, ವಿಳಾಸ ಎಲ್ಲ ಅಚ್ಚುಕಟ್ಟಾಗಿ ಬಂತು. ನಾಲ್ಕನೇ ಪ್ಯಾರಾದಲ್ಲಿ ಕಿರಣನ ಪೂರ್ತಿ ಹೆಸರು ಹಾಕಿದೆ. ಅವನು ಈಗೆಲ್ಲಿದ್ದಾನೆ ಎಂದು ಮಾತ್ರ ಗೊತ್ತಿರಲಿಲ್ಲ. ಅದನ್ನು ಕೇಳಲು ಆ ಮನೆಯ ಒಡತಿ ಹಿಲ್ಡಾ ಆಂಟಿಗೆ ಫೋನ್ ಮಾಡಿದೆ.

ಹಿಲ್ಡಾ ಆಂಟಿ ಮಂಗಳೂರಿನವರು. ಮನೆಯಲ್ಲಿ ಕೊಂಕಣಿ, ನಮ್ಮೊಂದಿಗೆ ಕನ್ನಡ. ಲಿವರ್‌ಪೂಲ್‌ನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಫೈಲ್ ಇಡುವ ವಿಭಾಗದಲ್ಲಿ ಕೆಲಸ. ಗಂಡ ಲಾರೆನ್ಸ್ ಅಂಕಲ್ ಬಸ್ ಡ್ರೈವರ್. ಮನೆಯ ಎರಡು ಕೋಣೆಗಳನ್ನು ಕರ್ನಾಟಕದಿಂದ ಬರುವ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದರು. ವರ್ಷವರ್ಷವೂ ಹುಡುಗರು ಬದಲಾದರು. ಆದರೆ ಯಾರ ಕಾಗದವೂ ಆ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಕಾರಣ ನಾವೇ. ನಮ್ಮೂರಿನ ಅರ್ಜಿಗಳಲ್ಲಿ ಈಗಿನ ವಿಳಾಸ, ಖಾಯಂ ವಿಳಾಸ ಎಂದು ಎರಡು ಕಲಂ ಇರುತ್ತವೆಯಲ್ಲ, ಅದು ತಲೆಯಲ್ಲಿ ಕೂತುಬಿಟ್ಟಿತ್ತು. ಬಾಡಿಗೆ ಕೋಣೆಗಳು ಬರುತ್ತವೆ, ಹೋಗುತ್ತವೆ; ಆಂಟಿಯ ಮನೆ ಎಲ್ಲಿಗೆ ಹೋಗುತ್ತದೆ? ಬ್ಯಾಂಕಿಗೆ, ಲೈಸೆನ್ಸಿಗೆ, ತೆರಿಗೆ ಇಲಾಖೆಗೆ ಆ ವಿಳಾಸವನ್ನೇ ಕೊಟ್ಟು, ಊರು ಬಿಟ್ಟ ಮೇಲೂ ಹಾಗೇ ಬಿಟ್ಟೆವು.

ಆಂಟಿ ಬಂದ ಒಂದೊಂದು ಲಕೋಟೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ತಾರೀಕು, ಯಾರ ಹೆಸರಿಗೆ, ಲಕೋಟೆಯ ಹಿಂದೆ ಕಳಿಸಿದವರ ಹೆಸರೇನಿದೆ, ಅದನ್ನು ಏನು ಮಾಡಿದರು. ಒಡೆಯುತ್ತಿರಲಿಲ್ಲ. ತಿಂಗಳಿಗೊಮ್ಮೆ ನಮ್ಮ ನಮ್ಮ ಕಾಗದಗಳನ್ನು ದೊಡ್ಡ ಲಕೋಟೆಯಲ್ಲಿ ಹಾಕಿ ನಾವಿದ್ದಲ್ಲಿಗೆ ಕಳಿಸುತ್ತಿದ್ದರು. ಜೊತೆಗೆ ಒಂದು ಚೀಟಿ: "ವಿಳಾಸ ಬದಲಿಸು." ನಾವು ಆ ಪುಸ್ತಕಕ್ಕೆ ಚಿತ್ರಗುಪ್ತನ ಪುಸ್ತಕ ಎಂದು ಹೆಸರಿಟ್ಟು ನಗುತ್ತಿದ್ದೆವು. ಆಂಟಿ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ನಿಮ್ಮ ಚಿತ್ರಗುಪ್ತನೋ ನಮ್ಮ ಸೇಂಟ್ ಪೀಟರೋ, ಯಾರಾದ್ರೂ ಒಬ್ಬ ಬರೆದಿಡ್ಬೇಕಲ್ಲ ಮಾರಾಯ" ಎನ್ನುತ್ತಿದ್ದರು.

ಫೋನಿನಲ್ಲಿ ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಕಿರಣನ ಅಡ್ರೆಸ್ ಯಾಕೆ?"

ಹೇಳಿದೆ.

"ಅವನೇ ಅಂತ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಆಂಟಿ. ಆದ್ರೆ ನನ್ನ ಪೇಪರ್ಸ್ ಇದ್ದಿದ್ದು ಅವನ ಹತ್ರ ಮಾತ್ರ."

"ನೀನು ಪೇಪರಿನಲ್ಲಿ ಇದ್ದವ. ಅಲ್ಲಿ ಹೀಗೇ ಬರೀತಿದ್ರಾ, ನನಗೆ ಅನ್ನಿಸ್ತು ಅಂತ?"

ನಾನು ಟೈಪ್ ಮಾಡಿದ ಹಾಳೆಯನ್ನು ಮಗುಚಿಟ್ಟೆ.

"ಅದನ್ನು ಎಲ್ಲಿಗೂ ಕಳಿಸ್ಬೇಡ. ನಾಳೆ ಶನಿವಾರ, ಇಲ್ಲಿ ಬಾ. ಪುಸ್ತಕ ನೋಡುವ" ಎಂದು ಫೋನಿಟ್ಟರು.

ಬೆಳಗಿನ ಮೊದಲ ವಿಮಾನ ಹಿಡಿದೆ. ಹೇಳಿಕೆ ಬ್ಯಾಗಿನಲ್ಲೇ ಇತ್ತು. ಹತ್ತೂವರೆಗೆ ಲಿವರ್‌ಪೂಲ್ ಮನೆಯ ಗೇಟಿನ ಮುಂದೆ ನಿಂತಾಗ ಮೊದಲು ಕಂಡದ್ದು ಟಪಾಲು ಪೆಟ್ಟಿಗೆ. ನಾನಿದ್ದಾಗ ಅದು ಬೇಲಿಗೆ ಕಟ್ಟಿದ ತಗಡಿನ ಡಬ್ಬಿ. ಮೇಲಿನ ಮುಚ್ಚಳ ಎತ್ತಿ ಯಾರು ಬೇಕಾದರೂ ಕೈ ಹಾಕಬಹುದಿತ್ತು. ಈಗ ಅಲ್ಲಿ ಸಿಮೆಂಟಿನಲ್ಲಿ ಹೂತ ಕಬ್ಬಿಣದ ಪೆಟ್ಟಿಗೆ, ಹಿಂದೆ ಬೀಗ.

ಅಡುಗೆಮನೆಯ ಮೇಜಿನ ಮೇಲೆ ಐದು ನೋಟ್‌ಬುಕ್‌ಗಳು ಸಾಲಾಗಿದ್ದವು. ಎಲ್ಲಕ್ಕೂ ಕಂದು ಕಾಗದದ ರಟ್ಟು, ಬೆನ್ನಿಗೆ ವರ್ಷ. ಲಾರೆನ್ಸ್ ಅಂಕಲ್ ಚಹಾ ತಂದಿಟ್ಟರು.

"ನನ್ನ ಹೆಸರೂ ಅದರಲ್ಲಿ ಉಂಟು ಮಂಜುನಾಥ. ಲೇಟಾಗಿ ಬಂದ ದಿನ ಎಲ್ಲ ಬರೆದಿದ್ದಾಳೆ" ಎಂದರು.

"ಅದಕ್ಕೆ ಬೇರೆ ಬುಕ್ಕು ಉಂಟು" ಎಂದರು ಆಂಟಿ, ತಲೆ ಎತ್ತದೆ.

ಇಷ್ಟೆಲ್ಲ ಯಾಕೆ ಬರೆಯುತ್ತೀರಿ ಎಂದು ನಾನು ಅವತ್ತೇ ಮೊದಲ ಸಲ ಗಂಭೀರವಾಗಿ ಕೇಳಿದೆ.

"ನಮ್ಮ ರೆಕಾರ್ಡ್ ರೂಮಿನಲ್ಲಿ ಒಂದು ಕ್ರಮ. ಶೆಲ್ಫಿನಿಂದ ಒಂದು ಫೈಲ್ ತೆಗೆದ್ರೆ ಆ ಜಾಗದಲ್ಲಿ ಒಂದು ಕಾರ್ಡ್ ಇಡ್ಬೇಕು. ಯಾರು ತಗೊಂಡ್ರು, ಯಾವಾಗ, ಎಲ್ಲಿಗೆ ಹೋಯ್ತು ಅಂತ. ಕಾರ್ಡ್ ಇಡದೆ ತೆಗೆದ್ರೆ, ಡಾಕ್ಟರಿಗೆ ಆ ಪೇಶೆಂಟಿಗೆ ಯಾವ ಮದ್ದು ಆಗೋದಿಲ್ಲ ಅಂತ ಗೊತ್ತಾಗುವುದು ಹೇಗೆ? ಕಾಗದ ಅಂದ್ರೂ ಅದೇ. ನನ್ನ ಮನೆಗೆ ಬಂದದ್ದು ಎಲ್ಲಿಗೆ ಹೋಯ್ತು ಅಂತ ನನಗೆ ಗೊತ್ತಿರ್ಬೇಕು."

2006ರ ಪುಸ್ತಕ ತೆರೆದರು. ಜನವರಿಯಲ್ಲಿ ನನ್ನ ಬ್ಯಾಂಕಿನ ಲಕೋಟೆ ಬಂದಿದೆ, ಫೆಬ್ರವರಿಯಲ್ಲಿ ಬಂದಿದೆ. ತಿಂಗಳ ಎರಡನೇ ವಾರದಲ್ಲಿ ನಾಲ್ಕೈದು ಹಳೆಯ ಹುಡುಗರ ಬ್ಯಾಂಕ್ ಕಾಗದ ಒಟ್ಟಿಗೆ ಬೀಳುತ್ತಿತ್ತು. ಮಾರ್ಚ್‌ನ ಎರಡನೇ ವಾರದಲ್ಲಿ ಒಂದೂ ಇಲ್ಲ. ಆಂಟಿ, ಅಂಕಲ್ ಹೆಸರಿನ ನೀರು, ಕರೆಂಟ್ ಬಿಲ್ಲು ಕೂಡ ಇಲ್ಲ. ಆ ಪುಟದಲ್ಲಿ ಆಂಟಿಯ ಅಕ್ಷರದಲ್ಲಿ ಬೇರೊಂದು ಸಾಲು ಇತ್ತು: "ಪೆಟ್ಟಿಗೆಯ ಮುಚ್ಚಳ ಮುರಿದಿದೆ. ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಿದೆ." ಪಕ್ಕದಲ್ಲಿ ಪೊಲೀಸರು ಕೊಟ್ಟ ದೂರಿನ ನಂಬರು.

ಕಾರ್ಡಿಗೆ ಅರ್ಜಿ ಬಿದ್ದದ್ದು ಇದರ ಮರುತಿಂಗಳು.

"ಕೆಳಗೆ ಓದು" ಎಂದರು ಆಂಟಿ.

ಕೆಳಗೆ ಐದು ಹೆಸರುಗಳಿದ್ದವು. ಪೆಟ್ಟಿಗೆ ಒಡೆದ ಸಂಜೆಯೇ ಆಂಟಿ ಹಳೆಯ ಹುಡುಗರಿಗೆಲ್ಲ ಫೋನ್ ಮಾಡಿದ್ದರು. ಯಾರು ಏನೆಂದರು ಎಂದೂ ಬರೆದಿದ್ದರು. ನನ್ನ ಹೆಸರು ಎರಡನೆಯದು.

"ಮಂಜುನಾಥ, ಮೆಲ್ಬರ್ನ್. ಬ್ಯಾಂಕಿಗೆ ಹೇಳು ಎಂದೆ. 'ಆಯ್ತು ಆಂಟಿ, ನೋಡ್ತೀನಿ' ಎಂದ."

ನನಗೆ ಆ ಕರೆ ನೆನಪಾಯಿತು. ನೋಡಲಿಲ್ಲ ಎಂಬುದೂ ನೆನಪಾಯಿತು. ಸುದ್ದಿ ಮೇಜಿನಲ್ಲಿದ್ದಾಗ ಎಷ್ಟೋ ಜನ "ನಾನು ಹಾಗೆ ಹೇಳಲೇ ಇಲ್ಲ" ಎಂದು ಜಗಳಕ್ಕೆ ಬರುತ್ತಿದ್ದರು. ವರದಿಗಾರನ ಟಿಪ್ಪಣಿ ಪುಸ್ತಕ ತೆರೆದು ತೋರಿಸಿದರೆ ಸುಮ್ಮನಾಗುತ್ತಿದ್ದರು. ಈಗ ನಾನು ಅವರ ಜಾಗದಲ್ಲಿದ್ದೆ.

ಕೊನೆಯ ಹೆಸರು ಕಿರಣನದು. "ಕಿರಣ, ಅಡಿಲೇಡ್. ಜನವರಿಯಲ್ಲೇ ಹೋದ. ಈಗಲೇ ಬ್ಯಾಂಕಿಗೆ ಫೋನ್ ಮಾಡ್ತೇನೆ ಎಂದ. ಅರ್ಧ ಗಂಟೆ ಬಿಟ್ಟು ತಾನೇ ಫೋನ್ ಮಾಡಿ, ಮಾಡಿದೆ ಎಂದ."

"ಪೆಟ್ಟಿಗೆ ಒಡೆದ ದಿನ ಅವ ಈ ಊರಿನಲ್ಲೇ ಇರ್ಲಿಲ್ಲ" ಎಂದರು ಆಂಟಿ. "ಈಗ ಅವನಿಗೆ ಫೋನ್ ಮಾಡು. ಇಲ್ಲಿಂದಲೇ."

ಅವರೇ ನಂಬರು ಒತ್ತಿ, ಸ್ಪೀಕರ್ ಹಾಕಿ ನನ್ನ ಮುಂದಿಟ್ಟರು.

"ಮಂಜಣ್ಣ! ಏನಣ್ಣ, ದಾರಿ ತಪ್ಪಿ ಫೋನ್ ಮಾಡಿದ್ದೀರಾ?" ಕಿರಣನ ದನಿ ಮೊದಲಿನಂತೆಯೇ ಇತ್ತು.

ವಿಷಯ ಹೇಳಿದೆ. ಅವನ ನಗು ನಿಂತಿತು.

"ಕಾರ್ಡ್ ಯಾವ ಕಂಪನಿದು?" ಕೇಳಿದ. ಹೇಳಿದೆ.

"ಅಣ್ಣ, ನನ್ನ ಹೆಸರಲ್ಲೂ ಅದೇ ಕಂಪನಿಗೆ ಅಪ್ಲಿಕೇಷನ್ ಹಾಕಿದ್ರು. ಅದೇ ಏಪ್ರಿಲ್‌ನಲ್ಲಿ. ಆಂಟಿ ಬೈದಿದ್ರಲ್ಲ, ಅವತ್ತೇ ನಾನು ಬ್ಯಾಂಕಲ್ಲಿ ಕೇಳ್ದೆ, ಬರೀ ಅಕೌಂಟ್ ನೋಡ್ಕೊಂಡ್ರೆ ಸಾಕಾ ಅಂತ. ಫೋನಲ್ಲಿದ್ದ ಹೆಂಗಸು ಹೇಳಿದ್ರು, ಕ್ರೆಡಿಟ್ ಫೈಲ್ ಇಟ್ಕೊಂಡಿರೋರಿಗೂ ಫೋನ್ ಮಾಡು ಅಂತ. ವರ್ಷಕ್ಕಿಷ್ಟು ಅಂತ ಕೊಟ್ರೆ ನಮ್ಮ ಫೈಲ್ ಯಾರು ತೆಗೆದ್ರೂ ಅವರು ತಿಳಿಸ್ತಾರೆ. ಹಾಕಿಸ್ದೆ. ಮೂರೇ ವಾರಕ್ಕೆ ಅಲರ್ಟ್ ಬಂತು. ನಾನಲ್ಲ, ನಿಲ್ಸಿ ಅಂದೆ. ನಿಲ್ಸಿದ್ರು."

"ಅದಕ್ಕೆ ಕಾಗದ ಇದ್ಯಾ?" ಎಂದೆ.

"ಇದೆ. ಕಾರ್ಡ್ ಕಂಪನಿ ಬರೆದ ಲೆಟರ್. ಅದರಲ್ಲಿ ಕಳ್ಳ ಕೊಟ್ಟಿದ್ದ ಪೋಸ್ಟ್ ಬಾಕ್ಸ್ ನಂಬರೂ ಇದೆ. ಒಂದ್ನಿಮಿಷ ಇರಿ."

ಡ್ರಾಯರ್ ಎಳೆಯುವ ಸದ್ದು ಕೇಳಿಸಿತು. ಅವನು ಓದಿದ ನಂಬರು ನನ್ನ ಫ್ಯಾಕ್ಸ್ ಹಾಳೆಯಲ್ಲಿದ್ದ ನಂಬರೇ. ಬಡಾವಣೆಯೂ ಅದೇ.

"ಆದ್ರೂ ಅಣ್ಣ" ಎಂದ ಕಿರಣ, ಮತ್ತೆ ನಗುತ್ತಾ. "ನಿಮ್ಮ ಲೈಸೆನ್ಸ್ ಕಾಪಿ ನನ್ನ ಹತ್ರ ಇತ್ತಲ್ಲ. ನನ್ನ ಮೇಲೆ ಡೌಟ್ ಬರ್ಲಿಲ್ವಾ?"

ಅವನು ತಮಾಷೆಗೆ ಕೇಳಿದ್ದ. ಇಲ್ಲಪ್ಪ ಎಂದು ನಗಬಹುದಿತ್ತು. ಲಾರೆನ್ಸ್ ಅಂಕಲ್ ಲೋಟದೊಳಗೆ ನೋಡುತ್ತಿದ್ದರು. ಆಂಟಿ ನನ್ನನ್ನೇ ನೋಡುತ್ತಿದ್ದರು.

"ಬಂತು ಕಿರಣ. ಪೊಲೀಸರಿಗೆ ಕೊಡೋಕೆ ನಿನ್ನ ಹೆಸರು ಬರೆದೂ ಇಟ್ಟಿದ್ದೆ. ಕಳಿಸಿಲ್ಲ."

ಆ ಕಡೆ ಡ್ರಾಯರ್ ಮುಚ್ಚಿದ ಸದ್ದು ಕೇಳಿಸಿತು.

"ನಾನಾಗಿದ್ರೂ ಹಾಗೇ ಅಂದ್ಕೋತಿದ್ದೆ ಬಿಡಿ" ಎಂದ. ದನಿ ತಗ್ಗಿತ್ತು. "ಆ ಕಾಪಿ ನಾನು ಮನೆ ಸಿಕ್ಕ ದಿನಾನೇ ಹರಿದು ಹಾಕ್ದೆ ಅಣ್ಣ. ಫ್ಯಾಕ್ಸ್ ನಂಬರ್ ಕೊಡಿ. ಸೋಮವಾರ ಬೆಳಿಗ್ಗೆ ಲೆಟರ್ ಕಳಿಸ್ತೀನಿ."

ಅವನ ಪಿಆರ್ ಅರ್ಜಿ ಆಗ ಪರಿಶೀಲನೆಯಲ್ಲಿತ್ತು ಎಂದು ಆಮೇಲೆ ಆಂಟಿ ಹೇಳಿದರು. ಪೊಲೀಸ್ ವಿಚಾರಣೆಯ ಒಂದು ಸಾಲು ಅದಕ್ಕೆ ಏನು ಮಾಡಬಹುದಿತ್ತೆಂದು ಅವರು ವಿವರಿಸಲಿಲ್ಲ. ನನಗೂ ಕೇಳುವ ಧೈರ್ಯ ಬರಲಿಲ್ಲ.

ಮಧ್ಯಾಹ್ನ ಆಂಟಿ ನನ್ನನ್ನು ಗ್ರಂಥಾಲಯಕ್ಕೆ ಕರೆದೊಯ್ದು ಪುಸ್ತಕದ ಪುಟಗಳ ಪ್ರತಿ ಮಾಡಿಸಿದರು. ಕನ್ನಡದ ಸಾಲುಗಳ ಪಕ್ಕದಲ್ಲಿ ತಾವೇ ಇಂಗ್ಲಿಷಿನಲ್ಲಿ ಬರೆದರು. ತಾವು ಬರೆದದ್ದು ನಿಜವೆಂದು ಪ್ರಮಾಣಪತ್ರ ಸಿದ್ಧಮಾಡಿ, ಮೂಲೆಯ ಔಷಧಿ ಅಂಗಡಿಯ ಫಾರ್ಮಸಿಸ್ಟ್ ಮುಂದೆ ಸಹಿ ಹಾಕಿದರು; ಇಲ್ಲಿ ಅಂಥ ಪತ್ರಕ್ಕೆ ಸಾಕ್ಷಿಯಾಗುವ ಅಧಿಕಾರ ಫಾರ್ಮಸಿಸ್ಟರಿಗೂ ಇದೆ. ಆತ ಪುಟ ತಿರುವಿ, "ಇಷ್ಟು ವರ್ಷ ಬರೆದಿದ್ದೀರಾ?" ಎಂದು ಹುಬ್ಬೇರಿಸಿದ. "ಪೋಸ್ಟ್ ಇಷ್ಟು ವರ್ಷ ಬಂದಿದೆಯಲ್ಲ" ಎಂದರು ಆಂಟಿ.

ಸೋಮವಾರ ಕಿರಣನ ಫ್ಯಾಕ್ಸ್ ನಾನು ಆಫೀಸಿಗೆ ಹೋಗುವ ಮೊದಲೇ ಬಂದಿತ್ತು. ಎಲ್ಲವನ್ನೂ ಸೇರಿಸಿ ಕಾರ್ಡ್ ಕಂಪನಿಗೆ, ಫೈಲ್ ಇಡುವ ಕಂಪನಿಗೆ, ಟ್ರೇಸಿಗೆ ಕಳಿಸಿದೆ. ಪೊಲೀಸರಿಗೆ ಹೊಸ ಹೇಳಿಕೆ ಕೊಟ್ಟೆ. ಅದರಲ್ಲಿ ಗೊತ್ತಿದ್ದದ್ದು ಮಾತ್ರ ಇತ್ತು. ಗಡುವಿಗೆ ಎರಡು ದಿನ ಉಳಿದಿತ್ತು. ಆ ಯೂನಿಟ್ ಮಾರುತ್ತಿದ್ದ ವೃದ್ಧೆ ಒಂದು ವಾರ ಹೆಚ್ಚು ಕೊಡಲು ಒಪ್ಪಿದರು. ಒಂದೇ ಪೆಟ್ಟಿಗೆ ಸಂಖ್ಯೆಯ ಎರಡು ಅರ್ಜಿ ಕಂಡ ಮೇಲೆ ಕಾರ್ಡ್ ಕಂಪನಿಯವರು ತಡ ಮಾಡಲಿಲ್ಲ. ಇದು ವಂಚನೆ, ಈ ವ್ಯಕ್ತಿಗೆ ಸಂಬಂಧವಿಲ್ಲ ಎಂದು ಪತ್ರ ಕೊಟ್ಟರು. ಹೆಚ್ಚುವರಿ ವಾರದ ಗುರುವಾರ ಸಾಲ ಮಂಜೂರಾಯಿತು. ವಿನುತಾ ಆಸ್ಪತ್ರೆಯ ಕಾರಿಡಾರಿನಿಂದ ಮಾತಾಡುತ್ತಿದ್ದಳು. ಸುದ್ದಿ ಕೇಳಿ ಮೊದಲು ಅಂದದ್ದು, "ಕಿರಣ್‌ಗೆ ಹೇಳಿದ್ರಾ?"

ಕಳ್ಳ ಯಾರೆಂಬುದು ಇಂದಿಗೂ ಗೊತ್ತಿಲ್ಲ.

ಕಿರಣ ಹೇಳಿಕೊಟ್ಟಂತೆ ನಾನೂ ನನ್ನ ಫೈಲಿಗೆ ಅಲರ್ಟ್ ಹಾಕಿಸಿದೆ. ನನ್ನ ಹೆಸರಿನಲ್ಲಿ ಯಾರಾದರೂ ಸಾಲ ಕೇಳಿದರೆ ನನಗೆ ತಿಳಿಯುವಂತಾಯಿತು. ಫೈಲಿಗೇ ಬೀಗ ಹಾಕಿಸುವ ಅವಕಾಶ ಆಗ ನಮಗೆ ಇರಲಿಲ್ಲ. ಈಗ ಇದೆ. ಕಾಗದಪತ್ರ ಕಳುವಾಗಿದೆ ಎಂಬ ಅನುಮಾನವಿದ್ದರೆ ಕೇಳಿದ ಕೂಡಲೇ, ಪುಕ್ಕಟೆಯಾಗಿ, ಕೆಲವು ವಾರ ಫೈಲನ್ನು ಯಾರಿಗೂ ತೋರಿಸದಂತೆ ತಡೆಯುತ್ತಾರೆ. ಬೇಕಾದರೆ ಅವಧಿ ಮುಂದುವರಿಸುತ್ತಾರೆ. ಹೊಸದಾಗಿ ಬಂದವರು ನಮ್ಮ ಮನೆಗೆ ಊಟಕ್ಕೆ ಬಂದಾಗ ನಾನು ಇದನ್ನು ಹೇಳದೆ ಕಳಿಸುವುದಿಲ್ಲ. ಜೊತೆಗೆ ಇನ್ನೊಂದು ಮಾತು: ಮನೆ ಬದಲಿಸಿದ ದಿನವೇ ವಿಳಾಸ ಬದಲಿಸಿ. ಅವರೂ "ಆಯ್ತು ಅಂಕಲ್, ನೋಡ್ತೀನಿ" ಎನ್ನುತ್ತಾರೆ. ನಾನು ಬರೆದಿಟ್ಟುಕೊಳ್ಳುತ್ತೇನೆ.

ಆ ಶನಿವಾರ ಸಂಜೆ ಲಿವರ್‌ಪೂಲ್‌ನಿಂದ ಹೊರಡುವಾಗ ಆಂಟಿ ಆ ವರ್ಷದ ಪುಸ್ತಕ ತೆಗೆದು ನನ್ನ ಹೆಸರಿನ ಕೆಳಗೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದಿದ್ದರು.

"ಇನ್ನು ನಿನ್ನ ಒಂದು ಕಾಗದವೂ ಈ ಮನೆಗೆ ಬರಬಾರದು. ನೀನು ಬಾ" ಎಂದಿದ್ದರು.

ಮಗಳು ಹುಟ್ಟಿ ಮೂರು ತಿಂಗಳಾದಾಗ ನಾಮಕರಣಕ್ಕೆ ಆಂಟಿ, ಅಂಕಲ್ ಇಬ್ಬರೂ ಬಾಕ್ಸ್ ಹಿಲ್‌ಗೆ ಬಂದರು. ಅಡಿಲೇಡ್‌ನಿಂದ ಕಿರಣನೂ ಬಂದಿದ್ದ. ಗೇಟಿನ ಬಳಿ ಕಾರಿನಿಂದಿಳಿದ ಹಿಲ್ಡಾ ಆಂಟಿ ಮಗುವನ್ನು ಕೇಳಲಿಲ್ಲ, ಮನೆಯನ್ನು ನೋಡಲಿಲ್ಲ. ನೆಟ್ಟಗೆ ನಮ್ಮ ಟಪಾಲು ಪೆಟ್ಟಿಗೆಯ ಹತ್ತಿರ ಹೋಗಿ ಬೀಗ ಹಿಡಿದು ಎರಡು ಸಲ ಎಳೆದರು. ಅದು ಜಗ್ಗಲಿಲ್ಲ. "ಹೂಂ" ಎಂದು, ಚಪ್ಪಲಿ ಬಿಟ್ಟು ಒಳಗೆ ಬಂದರು.

ಕಿರಣನ ಹೆಸರಿದ್ದ ಆ ಹೇಳಿಕೆಯನ್ನು ನಾನು ಹರಿಯಲಿಲ್ಲ. ತಿದ್ದಿದ ಕ್ರೆಡಿಟ್ ಫೈಲಿನ ಪ್ರತಿಯ ಜೊತೆಗೇ ಇಟ್ಟಿದ್ದೇನೆ. ಪ್ರತಿ ವರ್ಷ ಫೈಲಿನ ಹೊಸ ಪ್ರತಿ ತರಿಸಿದಾಗ ಅದನ್ನೂ ಒಮ್ಮೆ ಓದುತ್ತೇನೆ. ಅದರಲ್ಲಿ ಒಂದು ಕಾಗುಣಿತದ ತಪ್ಪೂ ಇಲ್ಲ. ಕಿರಣನ ಹೆಸರು ಮಾತ್ರ ಅಲ್ಲಿ ಇರಬಾರದಿತ್ತು.